ಹಗೇವು ಇಲ್ಲದ ನಕ್ಷೆ

ಮನೆಯ ನಕ್ಷೆ ತೆಗೆಯುವುದಕ್ಕೆ ಯಾವ ಸಾಫ್ಟ್‌ವೇರು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಈಗ ನೆಟ್ಟಗೆ ಉತ್ತರ ಕೊಡುವುದಿಲ್ಲ. ಮೊದಲು ಚಹಾ ಕುಡಿಯಿರಿ ಎನ್ನುತ್ತೇನೆ. ಸಿಂದಗಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಕ್ಷೆಯ ಆಫೀಸು ನಡೆಸುವ ಹೆಂಗಸು ನಾನು, ಉತ್ತರ ಗೊತ್ತಿಲ್ಲವೆಂದಲ್ಲ. ಮೂರು ಸಾಫ್ಟ್‌ವೇರು ತರಿಸಿ, ಒಂದೇ ಮನೆಯನ್ನು ಮೂರರಲ್ಲೂ ಕಟ್ಟಿ, ಜರಡಿ ಹಿಡಿದು ಒಂದನ್ನು ಆರಿಸಿದ್ದೇನೆ. ಆರಿಸಿದ್ದು ತಪ್ಪೇನೂ ಆಗಿರಲಿಲ್ಲ. ಆದರೆ ಅದನ್ನು ಆರಿಸಿದ ವರ್ಷವೇ, ದಿನಕ್ಕೆ ನಾಲ್ಕು ಮಾತು ನನ್ನೊಡನೆ ಆಡುತ್ತಿದ್ದ ಒಬ್ಬರೇ ಒಬ್ಬರನ್ನು ಕೈಯಾರೆ ಕಳೆದುಕೊಂಡೆ. ಅದನ್ನು ಬಿಟ್ಟು ಸಾಫ್ಟ್‌ವೇರಿನ ಗುಣಗಾನ ಮಾಡುವುದು ನನ್ನಿಂದ ಆಗುವುದಿಲ್ಲ.

ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ರಕ್ತಸಂಬಂಧವೇನಿಲ್ಲ. ಪಕ್ಕದ ಇಂಡಿ ಊರಿನವರು, ನನಗಿಂತ ಹದಿನೆಂಟು ವರ್ಷ ದೊಡ್ಡವರು, ಬೋರ್ಡಿನ ಮೇಲೆ ಶಾಯಿ ಪೆನ್ನಿನಿಂದ ನಕ್ಷೆ ತೆಗೆದು ಕೈ ಪಳಗಿಸಿಕೊಂಡ ಡ್ರಾಫ್ಟ್ಸ್‌ಮನ್. ನಾನು ಡಿಪ್ಲೊಮಾ ಮುಗಿಸಿ ಆಫೀಸು ತೆರೆದಾಗ, ಹೆಣ್ಣುಮಗಳ ಆಫೀಸಿಗೆ ಯಾರು ಬರುತ್ತಾರೆ ಎಂದು ಮಂದಿ ನಗುತ್ತಿದ್ದಾಗ, ತಾವಾಗಿಯೇ ಬಂದು ಕುರ್ಚಿ ಎಳೆದುಕೊಂಡು ಕೂತವರು. ಮುಂದೆ ಕಂಪ್ಯೂಟರು ಬಂದಾಗ ಗೆರೆ ಎಳೆಯುವ ಹಳೆಯ ಸಾಫ್ಟ್‌ವೇರನ್ನು ಎರಡೇ ಬೆರಳಿನಲ್ಲಿ ಕಲಿತರು. ಬೆಳಿಗ್ಗೆ ಇಂಡಿಯ ಬಸ್ಸಿಗೆ ಬರುವುದು, ಸಂಜೆ ಬಸ್ಸಿಗೆ ಹೋಗುವುದು. ಅವರ ಡಬ್ಬಿಯಲ್ಲಿ ನನ್ನ ಪಾಲಿನ ಎರಡು ರೊಟ್ಟಿ ಬೇರೆ ಇರುತ್ತಿದ್ದವು, ಅವರ ಹೆಂಡತಿ ಕಾಕು ಕಟ್ಟಿ ಕಳಿಸುತ್ತಿದ್ದರು.

ನನಗೆ ಲಗ್ನವಾಗಲಿಲ್ಲ. ಯಾಕೆ ಎಂದು ಕೇಳುವವರು ಬಹಳ ಮಂದಿ, ಉತ್ತರ ಕೇಳಿಸಿಕೊಳ್ಳುವ ಪುರುಸೊತ್ತು ಇದ್ದವರು ಯಾರೂ ಇಲ್ಲ. ಆಫೀಸಿನ ಹಿಂದಿನ ಎರಡು ಕೋಣೆಯೇ ನನ್ನ ಮನೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಹಾಗಾಗಿ ಸ್ನೇಹ ಮಾಡಿದವರು ಕಡಿಮೆ, ಮಾಡಿ ಉಳಿದವರು ಇನ್ನೂ ಕಡಿಮೆ. ನನ್ನ ಸಿಟ್ಟಿಗೆ ನಗುತ್ತಿದ್ದವರು ಕಾಕಾ ಒಬ್ಬರೇ. ಅಳತೆ ತಪ್ಪಿ ನಾನು ಕಂಪ್ಯೂಟರಿಗೆ ಬೈದರೆ, “ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ” ಎಂದು ತಮ್ಮ ಮೇಜಿನಿಂದಲೇ ಹೇಳುತ್ತಿದ್ದರು. ನನಗೂ ನಗು ಬರುತ್ತಿತ್ತು.

ಸೈಟಿಗೆ ಹೋದರೆ ಟೇಪಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಪಟ್ಟಣದ ಪ್ಲಾಟಾದರೆ ಅರ್ಧ ತಾಸಿನ ಕೆಲಸ. ಹಳ್ಳಿಯಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವವರಿದ್ದರೆ ಮಾತ್ರ ಕಾಕಾ ಟೇಪು ಮುಟ್ಟುತ್ತಲೇ ಇರಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದ ಹೆಣ್ಣುಮಗಳು ಯಾರಿದ್ದಾರೋ ಅವರ ಪಕ್ಕ ಕಟ್ಟೆಯ ಮೇಲೆ ಕೂತು, ನೀರು ಕೇಳಿ ಕುಡಿದು, ಜೋಳದ ಸುದ್ದಿ ತೆಗೆಯುತ್ತಿದ್ದರು. ನಿಮ್ಮ ಮಾವನ ಕಾಲಕ್ಕೆ ಎಷ್ಟು ಚೀಲ ಬೆಳೆಯುತ್ತಿತ್ತು, ಬರಗಾಲದಾಗ ಏನು ಉಂಡ್ರಿ. ಒಂದು ತಾಸು ಇದೇ. ಆಮೇಲೆ ಚಪ್ಪಲಿ ಬಿಟ್ಟು, ಅಂಗಳದ ತುಂಬ ಹಿಮ್ಮಡಿ ಊರಿ ಧಪ್ ಧಪ್ ಎಂದು ತುಳಿಯುತ್ತ ಅಡ್ಡಾಡುವುದು. ನಾನು ಬಿಸಿಲಿಗೆ ನಿಂತು ಕುದಿಯುತ್ತಿದ್ದೆ. ನಕ್ಷೆ ತೆಗೆಯುವಾಗ, “ಈ ಕಾಲಂ ಎರಡ ಫೂಟ ಆಕಡೆ ಸರಸವ್ವಾ, ಇಲ್ಲಿ ನೆಲಾ ಬರೋಬ್ಬರಿಲ್ಲ” ಎಂದಷ್ಟೇ ಹೇಳುತ್ತಿದ್ದರು. ಎರೆಮಣ್ಣು, ಎಲ್ಲೋ ಮೆತ್ತಗಿರಬೇಕು ಎಂದುಕೊಂಡು ನಾನು ಸರಿಸುತ್ತಿದ್ದೆ. ಹೆಚ್ಚು ಕೇಳುತ್ತಿರಲಿಲ್ಲ.

ಸಾಫ್ಟ್‌ವೇರಿನ ಗದ್ದಲ ಶುರುವಾದದ್ದು ಮುದ್ದೇಬಿಹಾಳದ ಒಂದು ಗಂಡಹೆಂಡತಿ ಜೋಡಿಯಿಂದ. ಗಂಡ ಕಾಲೇಜಿನಲ್ಲಿ ಮೇಷ್ಟ್ರು. ನಾವು ಒಂಬತ್ತು ದಿನ ಕೂತು ತೆಗೆದ ನಕ್ಷೆಯನ್ನು ಮೇಜಿನ ಮೇಲೆ ಹಾಸಿದೆವು. ಹೆಂಡತಿ ಅತ್ತ ಇತ್ತ ನೋಡಿದಳು. “ಇದರಾಗ ಮನಿ ಎಲ್ಲೈತ್ರಿ? ಬರೇ ಗೆರಿ ಅದಾವಲ್ಲ?”

ಕಾಕಾ ಎದ್ದರು. ಆಫೀಸಿನ ನೆಲದ ಮೇಲೆ ಸೀಮೆಸುಣ್ಣದಿಂದ ಬಾಗಿಲು ಗುರುತು ಮಾಡಿ, “ಬರ್ರಿ ತಂಗೆಮ್ಮ, ಇದು ತಲಬಾಗಲ, ದಾಟ್ರಿ. ಈಗ ಪಡಸಾಲ್ಯಾಗ ನಿಂತೀರಿ. ಎಡಕ ನಿಮ್ಮ ಅಡಗಿ ಮನಿ. ಹಾಲ ಉಕ್ಕಿದ್ರ ಇಲ್ಲಿಂದ ಓಡ್ರಿ ನೋಡೂಣು” ಎಂದರು. ಆಕೆ ನಗುತ್ತ ಸೆರಗು ಹಿಡಿದು ನಾಲ್ಕು ಹೆಜ್ಜೆ ಓಡಿದಳು ಕೂಡ. ಗಂಡ ಮಾತ್ರ ಫೋನು ನೋಡುತ್ತಿದ್ದ. “ಬಿಜಾಪುರದಾಗ ಒಬ್ರು ಅದಾರ್ರಿ ಮೇಡಂ, ಮನಿ ಒಳಗ ಅಡ್ಡಾಡಿದಂಗ ಕಂಪ್ಯೂಟರದಾಗ ತೋರಸ್ತಾರ. ನೀವು ಇನ್ನೂ ಸೀಮೆಸುಣ್ಣದಾಗ ಅದೀರಿ” ಎಂದ. ಅವರು ಹೋದವರು ತಿರುಗಿ ಬರಲಿಲ್ಲ. ಅಂಥವರು ಆ ವರ್ಷ ಇನ್ನೂ ಕೆಲವರು ಹೋದರು. ಹಟ ಹಿಡಿಯಿತು ನನಗೆ.

ಮೂರನ್ನು ತಿಂಗಳ ಮಟ್ಟಿಗೆ ಪುಕ್ಕಟೆ ಹಾಕಿಕೊಂಡೆ. ಪರೀಕ್ಷೆಗೆ ಅದೇ ಮುದ್ದೇಬಿಹಾಳದ ಮನೆ. ಮೊದಲನೆಯದು ಚಿತ್ರ ತೆಗೆಯುವುದರಲ್ಲಿ ಶೂರ. ಗೋಡೆ ಎಬ್ಬಿಸಿದರೆ ಬಿಸಿಲು ಬೀಳುತ್ತದೆ, ನೆರಳು ಬೀಳುತ್ತದೆ, ಅಂಗಳದಲ್ಲಿ ಹಳದಿ ಕೂದಲಿನ ಒಬ್ಬಳು ನಾಯಿ ಹಿಡಿದುಕೊಂಡು ನಿಂತೇಬಿಡುತ್ತಾಳೆ. “ಈಕಿ ಯಾರು? ಮನಿ ಮಾಲಕರ ಕಡೀಯವಳೇನು?” ಎಂದರು ಕಾಕಾ. ಅದರ ಸಾಮಾನಿನ ಪಟ್ಟಿಯಲ್ಲಿ ಬೆಂಕಿ ಕಾಯಿಸುವ ಗೂಡು ಹನ್ನೆರಡು ನಮೂನೆ ಇದ್ದವು. ಕೂರುವ ಕಟ್ಟೆ ಒಂದೂ ಇಲ್ಲ, ದನಕ್ಕೆ ಮೇವು ಹಾಕುವ ಗ್ವಾದಲಿ ಅಂತೂ ಕೇಳಲೇಬೇಡಿ. “ಸಿಂದಗ್ಯಾಗ ಬೆಂಕಿ ಕಾಸಾಕ ಗೂಡ ಯಾಕ ಬೇಕ? ಮಾಳಿಗಿ ಮ್ಯಾಲ ನಿಂತ್ರ ಸಾಕ, ತಾನ ಸುಟ್ಟ ಹೋಗತಾನ” ಎಂದು ಅವರು ನಕ್ಕದ್ದೇ ನಕ್ಕದ್ದು. ಅದು ಹೋಗಲಿ, ಚಿತ್ರದಲ್ಲಿ ಕಿಟಕಿ ಸರಿಸಿದರೆ ನಕ್ಷೆಯಲ್ಲಿ ಅದು ಇದ್ದಲ್ಲೇ ಇರುತ್ತಿತ್ತು. ಚಿತ್ರಕ್ಕೂ ನಕ್ಷೆಗೂ ಮಾತುಕತೆಯೇ ಇರಲಿಲ್ಲ. ಎರಡನೆಯದು ಅಗ್ಗದ್ದು. ಎರಡನೇ ಅಂತಸ್ತು ಏರಿಸಿದ ಕೂಡಲೇ ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತಿತ್ತು. ಎರಡು ಸಲ ಸಹಿಸಿದೆ, ಮೂರನೇ ಸಲ ಬಾಯಿಗೆ ಬಂದಂತೆ ಬೈದು ತೆಗೆದುಹಾಕಿದೆ.

ಮೂರನೆಯದರಲ್ಲಿ ಗೋಡೆ ಬರೀ ಗೆರೆಯಲ್ಲ. ತಾನು ಗೋಡೆ ಎಂದು ಅದಕ್ಕೇ ಗೊತ್ತು. ಎಷ್ಟು ದಪ್ಪ, ಯಾವ ಇಟ್ಟಿಗೆ, ಮೇಲಿನ ಸ್ಲ್ಯಾಬು ಎಲ್ಲಿ ಮುಟ್ಟುತ್ತದೆ ಎಲ್ಲ ಅದರಲ್ಲೇ ಇರುತ್ತದೆ. ಬಾಡಿಗೆ ವರ್ಷ ವರ್ಷ ಕಟ್ಟಬೇಕು, ನನ್ನ ಕಂಪ್ಯೂಟರು ಅದರ ಭಾರಕ್ಕೆ ಏದುಸಿರು ಬಿಡುತ್ತಿತ್ತು. ಆದರೂ ಇದೇ ಎಂದು ಮನಸ್ಸು ಹೇಳಿತು. ಕಾಕಾ ಅವರನ್ನು ಕರೆದು, “ಒಂದ ಕಿಡಕಿ ಸರಸ್ರಿ ಕಾಕಾ” ಎಂದೆ. ಅವರು ಎರಡು ಬೆರಳಿನಲ್ಲಿ ಹುಷಾರಾಗಿ ಸರಿಸಿದರು. ನಕ್ಷೆಯಲ್ಲಿ ಸರಿಯಿತು, ಮುಂಬದಿಯ ಚಿತ್ರದಲ್ಲಿ ಸರಿಯಿತು, ಗೋಡೆ ಕೊಯ್ದು ಒಳಗು ತೋರಿಸುವ ಸೀಳುನೋಟದಲ್ಲಿ ಸರಿಯಿತು, ಇಟ್ಟಿಗೆಯ ಲೆಕ್ಕವೂ ತಾನಾಗಿ ಬದಲಾಯಿತು.

ಕಾಕಾ ಪರದೆಯ ಮೇಲಿನ ನಾಲ್ಕನ್ನೂ ಬೆರಳಿನಿಂದ ಎಣಿಸಿದರು. “ಅಂದ್ರ, ನಾಲ್ಕ ಹಾಳಿ ಕೆಲಸ ಒಂದ ಹಾಳಿಗೆ ಮುಗೀತು.”

“ಹೌದ್ರಿ ಕಾಕಾ! ಒಂಬತ್ತ ದಿನದ್ದು ಮೂರ ದಿನಕ್ಕ!” ಎಂದೆ ನಾನು ಹಿಗ್ಗಿನಿಂದ. ಒಂದು ಕಡೆ ಬದಲಾದದ್ದನ್ನು ಉಳಿದ ಮೂರು ಹಾಳೆಯಲ್ಲಿ ತಿದ್ದುವುದು ಇಷ್ಟು ವರ್ಷ ಅವರ ಕೆಲಸವಾಗಿತ್ತು. ಅದು ನನಗೆ ಆಗ ಹೊಳೆಯಲಿಲ್ಲ ಎಂದರೆ ನಂಬುತ್ತೀರಾ? ಹೊಳೆಯಲಿಲ್ಲ. ನಾನು ಯಂತ್ರದ ಹುರುಪಿನಲ್ಲಿದ್ದೆ.

ಕಲಿಸಲು ಹೋದೆ. ಎರಡು ವಾರ ಕಲಿಸಿದೆ, ಅಂದರೆ ಎರಡು ವಾರ ಒದರಾಡಿದೆ. ಒಂದು ದಿನ ಅವರು ಏನೋ ಒತ್ತಿದರು, ಮನೆಯ ಮೆಟ್ಟಿಲು, ಪಾವಟಿಗೆಗಳೆಲ್ಲ ಹಾರಿ ಹೋಗಿ ಕಾಂಪೌಂಡಿನ ಆಚೆ ಬಿದ್ದವು. ಅವರಿಗೆ ನಗು. ನನಗೆ ಮಾರನೇ ದಿನ ಆ ನಕ್ಷೆ ಕೊಡಬೇಕಿತ್ತು. “ಕಾಕಾ, ನಿಮಗ ಕೈ ಮುಗೀತೇನಿ, ಮೌಸ್ ಬಿಡ್ರಿ. ಇದು ನಿಮ್ಮ ಕೈಲೆ ಆಗೂದಲ್ಲ” ಎಂದೆ. ಅವರು ಮೌಸಿನ ಮೇಲಿಂದ ಕೈ ತೆಗೆದರು. ಆಮೇಲೆ ಅದನ್ನು ಮುಟ್ಟಲಿಲ್ಲ.

ಅದಾದ ಮೇಲೂ ಮೂರು ತಿಂಗಳು ಬಂದರು. ಬಂದು ತಮ್ಮ ಕುರ್ಚಿಯಲ್ಲಿ ಕೂತು, ಪೇಪರು ಎರಡೆರಡು ಸಲ ಓದಿ, ಚಹಾ ಹೇಳಿ ಬರುತ್ತಿದ್ದರು. ಏನಾದರೂ ಸುದ್ದಿ ತೆಗೆದರೆ, ಸಾಫ್ಟ್‌ವೇರಿನ ಪಾಠ ಕೇಳಲು ಕಿವಿಗೆ ಹೆಡ್‌ಫೋನು ಹಾಕಿಕೊಂಡ ನಾನು ಬೆರಳೆತ್ತಿ ತಡೆಯುತ್ತಿದ್ದೆ. ಒಂದು ಸಂಜೆ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ, “ಯವ್ವಾ, ನಾಳಿಂದ ನಾ ಬರೂದುಲ್ಲ. ಮೊಣಕಾಲ ನೋಯಾಕತ್ತಾವ” ಎಂದರು. ನಾನು ಪರದೆಯಿಂದ ಕಣ್ಣು ತೆಗೆಯದೆ, “ಆತ್ರಿ ಕಾಕಾ, ಆರಾಮ ಮಾಡ್ರಿ” ಎಂದೆ. ಬಾಗಿಲ ತನಕವೂ ಎದ್ದು ಹೋಗಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಕೆಲಸ ಬೆಳೆಯಿತು. ಟೇಪಿನ ಬದಲು ಲೇಸರಿನಿಂದ ಅಳೆಯುವ ಸಾಧನ ತಂದೆ, ಅದಕ್ಕೆ ಒಬ್ಬರೇ ಸಾಕು. ಬಂದವರಿಗೆ ಮನೆಯೊಳಗೆ ಅಡ್ಡಾಡಿಸಿ ತೋರಿಸುತ್ತಿದ್ದೆ, ಎಲ್ಲರೂ ಬೆರಗಾಗುತ್ತಿದ್ದರು, ಒಪ್ಪುತ್ತಿದ್ದರು, ಹೋಗುತ್ತಿದ್ದರು. ಆಮೇಲೆ ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ ನಾನೊಬ್ಬಳೇ. ಮಧ್ಯಾಹ್ನದ ಊಟಕ್ಕೆ ಖಾನಾವಳಿಯಿಂದ ರೊಟ್ಟಿ ತರಿಸಿ ಪರದೆಯ ಮುಂದೆಯೇ ತಿನ್ನುತ್ತಿದ್ದೆ. ಕೆಲವು ದಿನ ಬಂದವರಿಗೆ “ಕುಂದರ್ರಿ” ಎನ್ನುವಾಗ ಗಂಟಲು ಕಟ್ಟಿರುತ್ತಿತ್ತು. ಬೆಳಗಿನಿಂದ ಅದೇ ಮೊದಲ ಮಾತು. ಸಂಕ್ರಾಂತಿ ಬಂತು. ಎಳ್ಳುಬೆಲ್ಲ ಕೊಡಲು ಇಂಡಿಗೆ ಹೋಗಬೇಕು ಎಂದುಕೊಂಡು ಪೊಟ್ಟಣವನ್ನೂ ಕಟ್ಟಿದೆ. ಹೋಗಲಿಲ್ಲ. ಅವರೇ ಒಂದು ಫೋನು ಮಾಡಬಾರದೇ ಎಂದು ನನಗೆ ಸಿಟ್ಟು, ನೋಡಿ. ತಪ್ಪು ನನ್ನದು, ಸಿಟ್ಟೂ ನನ್ನದೇ. ಪೊಟ್ಟಣ ಬಿಚ್ಚಿ ನಾನೇ ತಿಂದೆ.

ಆ ಬೇಸಿಗೆಯಲ್ಲಿ ಬಸವನ ಬಾಗೇವಾಡಿಯ ಆಚೆ, ಮುಳವಾಡದ ಕಡೆಯ ಒಂದು ಹಳ್ಳಿಯಿಂದ ಕೆಲಸ ಬಂತು. ಕಾಲುವೆ ನೀರು ಹೊಲಕ್ಕೆ ಬಂದ ಮೇಲೆ ಅಲ್ಲಿ ಮಂದಿ ಹಳೆಯ ಮಣ್ಣಿನ ಮನೆ ಕೆಡವಿ ಆರ್‌ಸಿಸಿ ಕಟ್ಟುತ್ತಿದ್ದಾರೆ. ಹೊಸ ಮನೆ ಹಳೆಯ ಅಂಗಳದ ಮೇಲೂ ಮುಂದಕ್ಕೆ ಬರಬೇಕು ಎಂದರು ಮಾಲೀಕರು. ನಾನೊಬ್ಬಳೇ ಹೋಗಿ ಲೇಸರು ಹಿಡಿದು ನಲವತ್ತು ನಿಮಿಷದಲ್ಲಿ ಅಳತೆ ಮುಗಿಸಿದೆ. ಕಟ್ಟೆಯ ಮೇಲೆ ಮಾಲೀಕರ ತಾಯಿ, ಎಂಬತ್ತು ದಾಟಿದ ಆಯಿ, ಕೂತಿದ್ದರು. “ನೀರ ಕುಡದು ಹೋಗವ್ವಾ” ಎಂದರು. “ಗಡಿಬಿಡಿ ಐತ್ರಿ” ಎಂದು ಬಂದುಬಿಟ್ಟೆ. ಮೂರೇ ದಿನದಲ್ಲಿ ಮನೆ ಪರದೆಯ ಮೇಲೆ ಎದ್ದು ನಿಂತಿತು. ನನ್ನ ಕೆಲಸದಲ್ಲಿ ಅಷ್ಟು ಚೆಂದದ್ದು ಹಿಂದೆ ಮಾಡಿರಲಿಲ್ಲ.

ಪಾಯ ತೋಡುವ ಎರಡನೇ ದಿನ ಬೆಳಿಗ್ಗೆ ಮನೆ ಕಟ್ಟುವ ಗೌಂಡಿ ಫೋನು ಮಾಡಿದ. “ಮೇಡಂ, ನೆಲಾ ಬಾಯಿ ತಗದೈತ್ರಿ! ತೋಡೋ ಆಳಮಗ ಎದಿಮಟ ಒಳಗ ಹ್ವಾದ. ಎಳದೇವಿ, ಕಾಲ ಉಳಕೈತಿ. ಲಗೂನ ಬರ್ರಿ!”

ನಾನು ಹೋಗುವಷ್ಟರಲ್ಲಿ ಊರೇ ನೆರೆದಿತ್ತು. ಮುಂದಿನ ಸಾಲಿನ ನಡುವಿನ ಕಾಲಂ ಬರಬೇಕಾದಲ್ಲಿ ನೆಲ ಕುಸಿದು, ಗಡಿಗೆಯ ಆಕಾರದ ಕುಳಿ ಕಾಣುತ್ತಿತ್ತು. ಒಳಗಿನಿಂದ ಕೊಳೆತ ಜೋಳದ ಕಮಟು ವಾಸನೆ. ಹಗೇವು. ನಮ್ಮ ಕಡೆ ಹಿಂದೆ ಜೋಳವನ್ನು ನೆಲದೊಳಗೆ ಹೀಗೆ ಕುಳಿ ತೋಡಿ, ಹುಲ್ಲು ಹಾಸಿ, ತುಂಬಿ, ಬಾಯಿ ಮುಚ್ಚಿ ಮಣ್ಣು ಬಡಿದುಬಿಡುತ್ತಿದ್ದರು. ಎಲ್ಲಿದೆ ಎಂದು ಮನೆಯವರಿಗಷ್ಟೇ ಗೊತ್ತು. ಹಗೇವು ಎಂಬುದೊಂದು ಇತ್ತು ಎಂದು ನಾನೂ ಬಲ್ಲೆ. ನನ್ನ ಪರದೆಯಲ್ಲಿ ನೆಲವೆಂದರೆ ಒಂದು ಕಂದು ಹಾಳೆ, ಅದರ ಕೆಳಗೆ ನಾನು ಬರೆದಷ್ಟೇ ಇತ್ತು. ಆ ಆಳಿನ ಹೆಂಡತಿ ಅವನ ಕಾಲು ತಿಕ್ಕುತ್ತ ಅಳುತ್ತಿದ್ದಳು. ಸ್ಲ್ಯಾಬು ಹಾಕಿದ ಮೇಲೆ ಕುಸಿದಿದ್ದರೆ ಎಂದು ನೆನೆದೆ.

ಹೆದರಿಕೆಯಾದರೆ ನನಗೆ ಮೊದಲು ಸಿಟ್ಟು ಬರುತ್ತದೆ. ಸೀದಾ ಆಯಿಯ ಹತ್ತಿರ ಹೋಗಿ, “ಹಗೇವ ಐತಂತ ಹೇಳಾಕ ಏನಾಗಿತ್ರಿ ನಿಮಗ?” ಎಂದು ಒದರಿದೆ.

ಆಯಿ ಅಲುಗಲಿಲ್ಲ. “ನೀ ಕೇಳಿದೇನು? ಹಗೇವಿನ ಬಾಯಿ ಯಾರರ ಊರ ಮಂದಿಗೆ ಹೇಳಿಕೋತ ತಿರಗತಾರೇನು? ನನ್ನ ಮಗಗ ಸೈತ ಹೇಳಿಲ್ಲ, ನಮ್ಮತ್ತಿ ಹೇಳಬ್ಯಾಡಂದಿದ್ಲು.”

“ಇನ್ನೂ ಅದಾವೇನು?”

“ನನಗೇನ ಗೊತ್ತವ್ವಾ” ಎಂದು ಮುಖ ತಿರುಗಿಸಿ ಕೂತರು. ಮಗ ಕೇಳಿದ, ಸೊಸೆ ಕೇಳಿದಳು. ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಹಳ್ಳಿಯ ಮನೆಗಳಲ್ಲಿ ಕಾಕಾ ಒಂದು ತಾಸು ಕೂತು ಏನು ಮಾತಾಡುತ್ತಿದ್ದರು, ಅಂಗಳ ಯಾಕೆ ತುಳಿಯುತ್ತಿದ್ದರು ಎಂಬುದು ನನಗೆ ಆಗ ತಲೆಗೆ ಹೋಯಿತು.

ಮಾರನೇ ದಿನ ಬೆಳಿಗ್ಗೆಯೇ ಇಂಡಿಗೆ ಕಾರು ತಿರುಗಿಸಿದೆ. ಬಾಗಿಲಲ್ಲಿ ಕಾಕು, “ಏನವ್ವಾ, ಹಾದಿ ತಪ್ಪಿ ಬಂದ್ಯೇನು?” ಎಂದರು. ಕಾಕಾ ಒಳಗೆ ಶೇಂಗಾ ಸುಲಿಯುತ್ತಿದ್ದರು. ನಾನು ನಡೆದದ್ದನ್ನು ಹೇಳಿದೆ. “ಆಳ ಹ್ಯಾಂಗದಾನ?” ಎಂದು ಮೊದಲು ಕೇಳಿದರು. ಆರಾಮಿದ್ದಾನೆ ಎಂದ ಮೇಲೆ ಅಂಗಿ ಹಾಕಿಕೊಂಡು ಬಂದು ಕಾರಿನಲ್ಲಿ ಕೂತರು. ದಾರಿಯುದ್ದಕ್ಕೂ ಒಂದು ಮಾತೂ ಚುಚ್ಚಲಿಲ್ಲ. ಚುಚ್ಚಿದ್ದರೆ ನನಗೆ ಹಗುರಾಗುತ್ತಿತ್ತು. “ನನಗ ಯಾಕ ಹೇಳಲಿಲ್ರಿ ಕಾಕಾ, ಇಷ್ಟ ವರ್ಷ?” ಎಂದು ನಾನೇ ಕೇಳಿದೆ.

“ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡೆ ಮಾತ ತಗೋತಿದ್ರವ್ವಾ ಆ ಮುದಕೇರು. ಕಾಲಂ ಸರಸಂತ ನಿನಗ ಹೇಳತಿದ್ದೆ, ನೀ ಸರಸತಿದ್ದಿ. ಮತ್ತೇನ ಬೇಕಾಗಿತ್ತು?”

ಹಳ್ಳಿಯಲ್ಲಿ ಅವರು ಆಯಿಯ ಪಕ್ಕ ಕೂತು ನೀರು ಕೇಳಿದರು. ನಾನು ದೂರ, ಬೇವಿನ ಗಿಡದ ಕೆಳಗೆ ನಿಂತೆ. ಈ ಸಲ ಗಡಿಯಾರ ನೋಡಲಿಲ್ಲ. ಇಬ್ಬರೂ ಏನೇನೋ ನೆನೆದು ನಗುತ್ತಿದ್ದರು, ನಡುವೆ ಆಯಿ ಕಣ್ಣು ಒರೆಸಿಕೊಂಡರು. ಆಮೇಲೆ ಕಾಕಾ ಚಪ್ಪಲಿ ಬಿಟ್ಟು ಅಂಗಳ ತುಳಿದರು. ಪಾವಟಿಗೆ ಬರಬೇಕಾದ ಮೂಲೆಯಲ್ಲಿ ನಿಂತು ಎರಡು ಸಲ ಹಿಮ್ಮಡಿ ಊರಿದರು. ನನಗೂ ಕೇಳಿಸಿತು, ಒಳಗೆ ಪೊಳ್ಳು ಸದ್ದು. “ಪಾವಟಿಗಿ ಬಲಕ ಸರಸವ್ವಾ” ಎಂದರು, ಎಂದಿನಂತೆ ಅಷ್ಟೇ.

ಎರಡೂ ಕುಳಿ ಬಿಡಿಸಿ ಗರಸು ಮಣ್ಣು ತುಂಬಿ ಬಡಿಯಲು ಗೌಂಡಿಗೆ ಹೇಳಿ ಹೊರಟೆವು. ಇಂಡಿಯ ತನಕ ಬಿಡುತ್ತೇನೆ ಎಂದರೆ ಕೇಳಲಿಲ್ಲ, ಸಿಂದಗಿ ಸ್ಟ್ಯಾಂಡಿನಲ್ಲಿ ಇಳಿಸು ಎಂದರು. ಇಂಡಿಯ ಬಸ್ಸು ನಿಂತೇ ಇತ್ತು. ಅವರು ಇಳಿದು ಬಾಗಿಲು ಹಾಕುವ ಮುಂಚೆ ನಾನು ಅಂದೆ, “ಕಾಕಾ, ನಾಳಿಂದ ಆಫೀಸಿಗೆ ಬರ್ರಿ.”

ಅವರು ಬಗ್ಗಿ ಕಿಟಕಿಯೊಳಗೆ ನನ್ನ ಮುಖ ನೋಡಿದರು. “ಕೆಲಸಕ್ಕ ಕರ್ಯಾಕತ್ತೀಯೋ, ಮಾತಿಗೆ ಕರ್ಯಾಕತ್ತೀಯೋ?”

ಮಾತಿಗೆ ಎಂದು ಹೇಳಬೇಕಿತ್ತು. ಖರೇ ಹೇಳುತ್ತೇನೆ, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಸ್ಟ್ಯಾಂಡಿನಲ್ಲಿ ನಾಲ್ಕು ಮಂದಿ ಗುರುತಿನವರು ನಿಂತಿದ್ದರು, ನಾನು ಮೇಡಂ. ಸುಡುಗಾಡು ಹಮ್ಮು. “ಕೆಲಸಕ್ಕ ರೀ” ಎಂದೆ.

“ಕೆಲಸಕ್ಕಾದ್ರ ಫೋನ್ ಮಾಡು. ಎಲ್ಲೆರ ಹಳೀ ಜಾಗಾ ಇದ್ರ ಬಂದು ತುಳದು ಹೋಗತೇನಿ. ದಿನಾ ಬಂದು ಕುಂತ ನಾ ಏನ ಮಾಡಲಿ?” ಎಂದು ಹೋಗಿ ಬಸ್ಸು ಹತ್ತಿದರು. ನಾನು ಕಾರಿನಲ್ಲೇ ಕೂತು ಅತ್ತೆ. ಯಾರಾದರೂ ನೋಡಿದರೋ ಇಲ್ಲವೋ ಗೊತ್ತಿಲ್ಲ.

ಅಂದಿನಿಂದ ಹಾಗೆಯೇ ನಡೆದಿದೆ. ಹಳ್ಳಿಯ ಹಳೆಯ ಮನೆ ಇದ್ದರೆ ಫೋನು ಮಾಡುತ್ತೇನೆ, ಅವರು ಬರುತ್ತಾರೆ, ತುಳಿಯುತ್ತಾರೆ, ಹೋಗುತ್ತಾರೆ. ಆದರೆ ಹಳೆಯ ಮನೆಗಳು ಎಷ್ಟು ಸಿಗುತ್ತವೆ? ಎರಡು ತಿಂಗಳಿಗೆ ಒಂದು ಸಿಕ್ಕರೆ ಹೆಚ್ಚು. ಕಳೆದ ವಾರ ಸಿಂದಗಿಯ ಹೊರಗೆ ಹೊಸ ಲೇಔಟಿನ ಒಂದು ಪ್ಲಾಟಿಗೆ ಅವರನ್ನು ಕರೆದೆ. ಹೋದ ವರ್ಷದವರೆಗೆ ಅದು ತೊಗರಿ ಹೊಲ. ಅಲ್ಲಿ ಯಾವ ಕಾಲಕ್ಕೂ ಮನೆ ಇರಲಿಲ್ಲ, ಅಂಗಳ ಇರಲಿಲ್ಲ. ಸುತ್ತ ಕಲ್ಲು ನೆಟ್ಟ ಬಯಲು.

ಕಾಕಾ ಆಟೋದಿಂದ ಇಳಿದರು. ಬಯಲು ನೋಡಿದರು, ನನ್ನ ಮುಖ ನೋಡಿದರು. ಚಪ್ಪಲಿ ಬಿಟ್ಟು, ಒಂದು ಮೂಲೆಯಿಂದ ಶುರು ಮಾಡಿ, ಹಿಮ್ಮಡಿ ಊರುತ್ತ ನಿಧಾನಕ್ಕೆ ಇಡೀ ಪ್ಲಾಟು ತುಳಿದರು. ತುಳಿಯುತ್ತಲೇ ಮೊಮ್ಮಗಳ ಶಾಲೆಯ ಸುದ್ದಿ ಹೇಳಿದರು, ಕಾಕುವಿನ ಕಣ್ಣಿನ ಆಪರೇಷನ್ನಿನ ಸುದ್ದಿ ಹೇಳಿದರು, ಬಸ್ಸಿನಲ್ಲಿ ಯಾರೋ ಜಗಳಾಡಿದ್ದು ಹೇಳಿದರು. ನಾನು ಬೆನ್ನ ಹಿಂದೆ ನಡೆಯುತ್ತ ಎಲ್ಲಕ್ಕೂ ಹೂಂ ಎಂದೆ. ಬಿಸಿಲು ಏರಿತು.

ಕೊನೆಗೆ ಬಂದು ನಿಂತರು. “ಏನೂ ಇಲ್ಲವ್ವಾ ಇಲ್ಲಿ.”

“ಇನ್ನೊಮ್ಮೆ ನೋಡ್ರಿ ಕಾಕಾ” ಎಂದೆ.